ಸುರಪುರದ ಕಲ್ಲುಗುಡ್ಡಗಳ ನಡುವೆ ಎರಡು ದಿನ

ಪ್ರವಾಸ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಊಟಿ, ಮಡಿಕೇರಿ, ಜೋಗ. ಹಸಿರು ಇರಬೇಕು, ಮಂಜು ಇರಬೇಕು, ಮಕ್ಕಳಿಗೆ ಕುದುರೆ ಸವಾರಿ ಇರಬೇಕು. ಕಲ್ಲು, ಬಿಸಿಲು ನೋಡಲು ಯಾರಾದರೂ ದುಡ್ಡು ಖರ್ಚು ಮಾಡಿ ಹೋಗುತ್ತಾರೆಯೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳುತ್ತಿದ್ದೆ.

ಆದರೆ ಹೋಗುವವರು ಇದ್ದಾರೆ ಕಣ್ರೀ. ಅಮೆರಿಕದ ಅರಿಜೋನಾದಲ್ಲಿರುವ ನನ್ನ ತಂಗಿ ಹೋದ ವರ್ಷ ಗಂಡ, ಮಕ್ಕಳೊಂದಿಗೆ ಕಾರಿನಲ್ಲಿ ಆರು ದಿನ ಅಲ್ಲಿಯ ಮರುಭೂಮಿಯನ್ನೂ ಕಣಿವೆಗಳನ್ನೂ ಸುತ್ತಿ ಬಂದಳು. ಗ್ರ್ಯಾಂಡ್ ಕ್ಯಾನಿಯನ್ ಎಂಬ ಆ ಮಹಾ ಕಮರಿ ಸುಮಾರು 446 ಕಿಲೋಮೀಟರ್ ಉದ್ದ, ಒಂದು ಮೈಲಿಗೂ ಹೆಚ್ಚು ಆಳ. ಕೊಲರಾಡೊ ನದಿ ಲಕ್ಷಾಂತರ ವರ್ಷ ಕೊರೆದು ಕೊರೆದು ಮಾಡಿದ್ದು. ತಂಗಿ ಕಳಿಸಿದ ಫೋಟೋಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ದೊಡ್ಡದು ಮಾಡಿ ನಮ್ಮ ಅತ್ತೆಯವರಿಗೆ ತೋರಿಸುತ್ತಿದ್ದೆ. ಅವರು ಫೋನನ್ನು ಮೂಗಿನ ಹತ್ತಿರ ಹಿಡಿದು, ಆಚೆ ಸರಿಸಿ, ಮತ್ತೆ ಹತ್ತಿರ ತಂದು ನೋಡಿದರು.

"ಇದೇನವ್ವಾ, ನಮ್ಮ ಸುರಪುರದ ಗುಡ್ಡದಂಗ ಐತಿ," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಕಣ್ಣು ಪೂರಾ ಹೋಗೂದರೊಳಗ ಒಮ್ಮೆ ಕರಕೊಂಡು ಹೋಗ್ರಿ," ಅಂದರು.

ನಮ್ಮ ಅತ್ತೆಯವರಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸೊರಗುತ್ತಾ ಹೋಗುವ ಕಾಯಿಲೆ. ನೋವಿಲ್ಲ, ಕೆಂಪಾಗುವುದಿಲ್ಲ, ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ, ಆದ್ದರಿಂದ ಬಹಳ ಕಾಲ ಗೊತ್ತೇ ಆಗುವುದಿಲ್ಲ. ಅವರು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದನ್ನು, ಪಕ್ಕದಲ್ಲಿಟ್ಟ ಲೋಟ ಉರುಳಿಸುವುದನ್ನು ನಾವು "ವಯಸ್ಸಾಯ್ತು" ಎಂದು ಎರಡು ವರ್ಷ ತಳ್ಳಿಹಾಕಿದೆವು. ಹೋದ ನೋಟ ಹಿಂದಿರುಗುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ದಿನಕ್ಕೆರಡು ಸಲ ಹನಿ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ. ಸೋದರಿಯರೇ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಅವರ ಮಕ್ಕಳು, ಒಡಹುಟ್ಟಿದವರು ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ಕನ್ನಡಕದ ನಂಬರು ನೋಡಿಸಿದರೆ ಸಾಲದು. ಪ್ರವಾಸದ ಲೇಖನದಲ್ಲಿ ಇದೇಕೆ ಎನ್ನಬೇಡಿ, ನಾವು ಹೊರಟದ್ದೇ ಇದರಿಂದ.

ಅತ್ತೆಯವರ ತವರು ಹುಣಸಗಿ ಕಡೆಯ ಒಂದು ಹಳ್ಳಿ. 1972ರ ಬರ ಕಂಡವರು. ಹೊಲದಲ್ಲಿ ಏನೂ ಬೆಳೆಯದೆ ಅವರ ತಂದೆ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಕಲ್ಲು ಒಡೆಯಲು ಹೋಗುತ್ತಿದ್ದರಂತೆ. ಹೊರದೇಶದ ಕೆಂಪು ಜೋಳ ರೇಶನ್ನಿನಲ್ಲಿ ಬರುತ್ತಿತ್ತಂತೆ. "ರೊಟ್ಟಿ ತಟ್ಟಿದರ ಬಿರೀತಿತ್ತು, ತಿಂದರ ಗಂಟಲ ಹಿಡೀತಿತ್ತು," ಎಂದು ಈಗಲೂ ಹೇಳುತ್ತಾರೆ. ಮರುವರ್ಷ ಹದಿನಾರು ತುಂಬಿದ ಅವರನ್ನು ನಮ್ಮ ಗದಗಿನ ಮನೆಗೆ ಕೊಟ್ಟರು. 1978ರ ಶ್ರಾವಣದಲ್ಲಿ ಅವರ ತಾಯಿ ತೀರಿಕೊಂಡರು. ತಂತಿ ಬಂದದ್ದು ಮೂರನೆಯ ದಿನ. ಆಗ ಅತ್ತೆಯವರು ಹನ್ನೊಂದು ದಿನದ ಬಾಣಂತಿ. ಮನೆಯಲ್ಲಿ ಕಳಿಸಲಿಲ್ಲ. ಆ ಮೇಲೆ ಅಣ್ಣನ ಮಗನ ಮದುವೆಗೊಮ್ಮೆ, ಅಣ್ಣ ಸತ್ತಾಗೊಮ್ಮೆ ಹೋಗಿ ಒಂದೇ ದಿನದಲ್ಲಿ ತಿರುಗಿ ಬಂದದ್ದು ಬಿಟ್ಟರೆ ತವರಿನ ಕಡೆ ಹಾಯಲಿಲ್ಲ. ಆ ಹನ್ನೊಂದು ದಿನದ ಕೂಸೇ ನಮ್ಮವರು. ಈ ಸಲ ಕಾರು ಓಡಿಸಿದವರೂ ಅವರೇ.

ದೀಪಾವಳಿ ಮುಗಿದ ವಾರ, ಬೆಳಗಿನ ಐದಕ್ಕೆ ಗದಗು ಬಿಟ್ಟೆವು. ಆ ಕಡೆ ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ದಿನನಿತ್ಯದ ಮಾತು. ಬಂಡೆ ಕಾದರೆ ಚಪ್ಪಲಿಯೊಳಗೂ ಕಾಲು ಸುಡುತ್ತದೆ. ಗಜೇಂದ್ರಗಡ, ಇಳಕಲ್ಲ, ಮುದಗಲ್ಲ, ಲಿಂಗಸುಗೂರು ಹೀಗೆ ನಮ್ಮ ದಾರಿ. ಇಳಕಲ್ಲಿನಲ್ಲಿ ಸೀರೆ ಅಂಗಡಿ ತೆರೆಯುವ ಹೊತ್ತಾಗಿರಲಿಲ್ಲ. ನಮ್ಮವರು ಅದನ್ನೇ ಲೆಕ್ಕ ಹಾಕಿ ಹೊರಟಿದ್ದರೆಂದು ನನಗೆ ಗುಮಾನಿ!

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಎಣ್ಣೆಗಾಯಿ ಮಾಡಿದ್ದೆ, ಮೊದಲ ದಿನ ಮಧ್ಯಾಹ್ನಕ್ಕೆ ಖಾಲಿಯಾಯಿತು. ಅತ್ತೆಯವರ ಕಣ್ಣಿನ ಹನಿಯ ಬಾಟಲಿಯನ್ನು ಒದ್ದೆ ಬಟ್ಟೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು ಕಾಲ ಕೆಳಗೆ ನೆರಳಿನಲ್ಲಿ ಇಟ್ಟುಕೊಂಡಿದ್ದೆ. ಬಿಸಿಲಿಗೆ ಗಾಡಿಯೊಳಗೆ ಔಷಧ ಬಿಡಬಾರದು.

ಲಿಂಗಸುಗೂರಿನಿಂದ ಮುಖ್ಯ ರಸ್ತೆ ಬಿಟ್ಟು ಜಲದುರ್ಗಕ್ಕೆ ಹೊರಳಿದೆವು. ಕೃಷ್ಣಾ ನದಿಯನ್ನು ನೀವು ಆಲಮಟ್ಟಿಯಲ್ಲೋ ಕೂಡಲಸಂಗಮದಲ್ಲೋ ನೋಡಿರಬಹುದು. ಅಲ್ಲಿ ಅದು ಸಮುದ್ರದಂತೆ ಹರಡಿಕೊಂಡಿರುತ್ತದೆ. ಇಲ್ಲಿ ನೋಡಿ ಅದರ ಇನ್ನೊಂದು ರೂಪ! ದಖನ್ನಿನ ಎತ್ತರದ ಬಯಲಿನಿಂದ ಸುರಪುರ, ರಾಯಚೂರಿನ ತಗ್ಗು ಭೂಮಿಗೆ ನದಿ ಇಳಿಯುವುದು ಈ ಸೀಮೆಯಲ್ಲೇ. ಸುಮಾರು ಮೂರು ಮೈಲಿಯಲ್ಲಿ 408 ಅಡಿ ಇಳಿಯುತ್ತದೆ ಎಂದು ಹಳೆಯ ಗೆಜೆಟಿಯರು ಲೆಕ್ಕ ಕೊಡುತ್ತದೆ. ಒಂದೇ ಧುಮುಕಲ್ಲ, ಬಂಡೆಯಿಂದ ಬಂಡೆಗೆ, ಕೊರಕಲಿನಿಂದ ಕೊರಕಲಿಗೆ. ನದಿ ಎರಡು ಕವಲಾಗಿ ನಡುವೆ ಎತ್ತರದ ನಡುಗಡ್ಡೆ, ಅದರ ಮೇಲೆ ಕೋಟೆ. ಹಾಳುಬಿದ್ದ ಗೋಡೆಯ ಪಕ್ಕ ನಿಂತು ಕೆಳಗೆ ನೋಡಿದರೆ ಕಂದು ಬಣ್ಣದ ಬಂಡೆಗಳ ಆಳದಲ್ಲಿ ನೀರು ಹಸಿರು ದಾರದಂತೆ ಕಾಣುತ್ತದೆ. ನವೆಂಬರಿನಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಡುವುದು ಕಡಿಮೆ, ಹೊಳೆಯ ಎಲುಬೆಲ್ಲ ಹೊರಗೆ ಬಂದಿತ್ತು. ತಂಗಿಯ ಫೋಟೋ ನೆನಪಾಯಿತು. ಅಷ್ಟು ದೊಡ್ಡದಲ್ಲ, ಒಪ್ಪಿದೆ. ಆದರೆ ವಯಸ್ಸಿನ ಲೆಕ್ಕ ಹಿಡಿದರೆ ನಾವೇ ಹಿರಿಯರು. ಅಲ್ಲಿಯ ಕಮರಿಯ ತಳದ ಕಲ್ಲಿಗೆ ಸುಮಾರು 170 ಕೋಟಿ ವರ್ಷವಾದರೆ ನಮ್ಮ ಈ ಕಡೆಯ ಗ್ರಾನೈಟು 250 ಕೋಟಿ ವರ್ಷಕ್ಕೂ ಹಳೆಯದು.

ಮಕ್ಕಳನ್ನು ಕರೆದುಕೊಂಡು ಹೋಗುವವರು ಅಂಚಿಗೆ ಬಿಡಬೇಡಿ. ತಡೆಗೋಡೆ ಇಲ್ಲದ ಕಡೆಯೇ ಹೆಚ್ಚು.

ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟಾಗ ಈ ನದಿಯ ನಡುಗಡ್ಡೆಗಳ ಜನರ ಪಾಡು ಬೇರೆಯೇ. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯ ಹೆಸರು ನೀವು ಪೇಪರಿನಲ್ಲಿ ಓದಿರಬಹುದು. 2013ರ ಮಳೆಗಾಲದಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬಳು, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂದು ಹಟ ಹಿಡಿದು, ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಜೊತೆ ತುಂಬಿದ ಹೊಳೆಯನ್ನು ಈಜಿ ಈಚೆ ದಡಕ್ಕೆ ಬಂದಳು. ಒಂಬತ್ತು ತಿಂಗಳ ಹೊಟ್ಟೆ! ನಾನು ಆ ಮಾತು ತೆಗೆದಾಗ ಅತ್ತೆಯವರು, "ಆಕಿಗೆ ಅಪ್ಪ ಬಾಜೂಕ ಈಸಿದ. ಅದು ದೊಡ್ಡದು ನೋಡು," ಅಂದು ಸುಮ್ಮನಾದರು.

ತಿಂಥಣಿ ಸೇತುವೆ ದಾಟಿದರೆ ಸುರಪುರ ಸೀಮೆ. ಹೊಳೆಯ ದಂಡೆಯಲ್ಲಿ ಮೌನೇಶ್ವರನ ಗುಡಿ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಸ್ಥಳ. ಕಾಯಿ ಒಡೆಸಿ ಬಂದೆವು. ಇಲ್ಲೊಂದು ತಮಾಷೆ ನಡೆಯಿತು. ಐವತ್ತು ವರ್ಷ ನಮ್ಮ ಮನೆಯಲ್ಲಿ "ಐತಿ" ಎನ್ನುತ್ತಿದ್ದ ಅತ್ತೆಯವರು ಸೇತುವೆ ದಾಟಿದ್ದೇ "ಅದ" ಎನ್ನತೊಡಗಿದರು! "ನೀರು ಭಾಳ ಕಡಿಮಿ ಅದ. ಗಾಳಿ ತಣ್ಣಗ ಅದ." ನಮ್ಮವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಇಬ್ಬರೂ ಬಾಯಿ ಬಿಡಲಿಲ್ಲ.

ಸುರಪುರ ಊರೇ ಕಲ್ಲಿನ ಮಡಿಲಲ್ಲಿದೆ. ಎತ್ತ ನೋಡಿದರೂ ಗುಡ್ಡ, ಗುಡ್ಡದ ಮೇಲೆ ಯಾರೋ ಒಂದರ ಮೇಲೊಂದು ಇಟ್ಟು ಮರೆತುಹೋದಂತಿರುವ ಗುಂಡುಗಳು. ಓಣಿಗಳು ಏರುತ್ತವೆ, ಇಳಿಯುತ್ತವೆ. ಲಾಡ್ಜಿನಲ್ಲಿ ಸಾಮಾನು ಇಳಿಸಿ, ಮುಖ ತೊಳೆದು, ಅಂದೇ ಸಂಜೆ ಶಹಾಪುರಕ್ಕೆ ಹೊರಟೆವು. ಇಪ್ಪತ್ತೈದು ಕಿಲೋಮೀಟರಿನ ಹಾದಿ.

ಶಹಾಪುರದ ಹತ್ತಿರದ ಗುಡ್ಡದ ಸಾಲನ್ನು ಒಂದು ಕೋನದಿಂದ ನೋಡಿದರೆ ಮನುಷ್ಯ ಅಂಗಾತ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಹೊಟ್ಟೆ. "ಮಲಗಿದ ಬುದ್ಧ" ಎಂದು ಈಗ ಎಲ್ಲರೂ ಕರೆಯುತ್ತಾರೆ. ಯಾವ ಶಿಲ್ಪಿಯೂ ಉಳಿ ಮುಟ್ಟಿಸಿಲ್ಲ. ಬೇರೆ ಬೇರೆ ಗುಡ್ಡಗಳು ಒಂದರ ಹಿಂದೊಂದು ಸೇರಿ ಆಗುವ ರೂಪ. ನಾಲ್ಕು ಹೆಜ್ಜೆ ಆಚೆ ಸರಿದರೆ ಬರೀ ಗುಡ್ಡ. ಸಂಜೆ ಬಿಸಿಲು ಇಳಿಯುವಾಗ ಹೋಗಿ, ಆಗ ಅಂಚು ಚೆನ್ನಾಗಿ ಕಾಣುತ್ತದೆ.

ನನಗೆ ಒಳಗೊಳಗೇ ಭಯ. ಅತ್ತೆಯವರಿಗೆ ಈಗ ಕೊಳವೆಯಲ್ಲಿ ನೋಡಿದಷ್ಟೇ ನೋಟ. ಅಷ್ಟಗಲದ ಗುಡ್ಡ ಹೇಗೆ ಕಂಡೀತು? ಇಷ್ಟು ದೂರ ಬಂದು, "ಏನೂ ಕಾಣವಲ್ದು" ಅಂದುಬಿಟ್ಟರೆ? ರಸ್ತೆ ಬದಿ ಗಾಡಿ ನಿಲ್ಲಿಸಿ ಅವರ ಕೈ ಹಿಡಿದು ಇಳಿಸಿದೆ. ಅವರು ಸೆರಗು ತಲೆ ಮೇಲೆ ಎಳೆದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಎಡಗಡೆಯಿಂದ ಬಲಗಡೆಗೆ ಕತ್ತು ಹೊರಳಿಸುತ್ತಾ, ಬೆರಳು ಮುಂದೆ ಚಾಚಿ, ಗಾಳಿಯಲ್ಲಿ ಗೆರೆ ಎಳೆದಂತೆ, "ಇದು ಹಣಿ... ಇದು ಮೂಗು... ತಡಿ, ಮೂಗಿನ ಮುಂದ ತುಟಿ... ಇದು ಎದಿ," ಎಂದು ಹೇಳುತ್ತಾ ಹೋದರು. ಒಂದೇ ನೋಟಕ್ಕೆ ನಮಗೆ ಕಂಡದ್ದನ್ನು ಅವರು ತುಂಡು ತುಂಡಾಗಿ ಕೂಡಿಸಿ ನೋಡಿದರು. ಪಾದದ ತನಕ ಹೋಗಿ ಮತ್ತೆ ಹಣೆಗೆ ಬಂದರು. ಎಂಟು ವರ್ಷದವರಿದ್ದಾಗ ಜಾತ್ರೆಗೆಂದು ಚಕ್ಕಡಿಯಲ್ಲಿ ಬರುವಾಗ ಅವರ ತಂದೆ ತೋರಿಸಿದ್ದರಂತೆ.

"ಅವತ್ತು ನಾ ಅಪ್ಪಗ ಕೇಳಿದ್ದೆ, ಈತ ಎದ್ದು ಕುಂತರ ನಮ್ಮೂರಿಗೆ ಕಾಣತಾನೇನು ಅಂತ."

"ಅವರು ಏನಂದರು ಅತ್ತೀ?"

"ಮಳಿ ಬಂದರ ಏಳತಾನ ಅಂದಿದ್ದ."

ಶಹಾಪುರದ ಹತ್ತಿರವೇ ವಿಭೂತಿಹಳ್ಳಿ. ಬಯಲಿನಲ್ಲಿ ಸಾಲು ಸಾಲಾಗಿ, ಚೌಕಳಿಯಾಗಿ ಇಟ್ಟ ನೂರಾರು ಗುಂಡುಕಲ್ಲುಗಳಿವೆ. ಬೃಹತ್ ಶಿಲಾಯುಗದವರು ಇಟ್ಟದ್ದು. ನಕ್ಷತ್ರ, ಸೂರ್ಯನ ಚಲನೆ ನೋಡಲೆಂದೇ ಇಟ್ಟಿರಬಹುದೇ ಎಂದು ಖಗೋಳ ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ಕತ್ತಲಾದ್ದರಿಂದ ನಾವು ಇಳಿದು ನಡೆಯಲಿಲ್ಲ. ನೀವು ಮಧ್ಯಾಹ್ನವೇ ಮುಗಿಸಿಕೊಳ್ಳಿ.

ಮರುದಿನ ಬೆಳಗ್ಗೆ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್. ಈ ಊರಿನ ಕಥೆ ಗೊತ್ತಿಲ್ಲದೆ ಈ ಕಟ್ಟಡ ನೋಡಿದರೆ ಬರೀ ಹಳೆಯ ಬಂಗಲೆ. ಸುರಪುರ ಬೇಡ ನಾಯಕರ ಸಂಸ್ಥಾನ. ಮೊದಲು ಅವರ ರಾಜಧಾನಿ ಹತ್ತಿರದ ವಾಗಿನಗೇರಾ. ಮುದುಕ ಔರಂಗಜೇಬ 1705ರಲ್ಲಿ ತಾನೇ ಬಂದು ಮುತ್ತಿಗೆ ಹಾಕಿದ ಕೋಟೆ ಅದು. ಅವನ ಕೊನೆಯ ದಂಡಯಾತ್ರೆ. ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ 1841ರಲ್ಲಿ ಇಲ್ಲಿಗೆ ಬಂದ. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಹುಡುಗ. ರಾಣಿ ಈಶ್ವರಮ್ಮ ಒಂದು ಕಡೆ, ಟೇಲರ್ ಒಂದು ಕಡೆ; ಆಡಳಿತವೂ ಹುಡುಗನ ಪಾಲನೆಯೂ ಇಬ್ಬರ ಜಗ್ಗಾಟದಲ್ಲಿ ನಡೆಯಿತು. ಹುಡುಗ ಟೇಲರನನ್ನು "ಅಪ್ಪಾ" ಎಂದು ಕರೆಯುತ್ತಿದ್ದ. 1853ರಲ್ಲಿ ಟೇಲರ್ ಹೋದ, ರಾಜ್ಯ ವೆಂಕಟಪ್ಪ ನಾಯಕನ ಕೈಗೆ ಬಂತು. ಐದೇ ವರ್ಷಕ್ಕೆ, 1858ರ ಫೆಬ್ರುವರಿಯಲ್ಲಿ, ಆತ ಬ್ರಿಟಿಷರ ವಿರುದ್ಧ ಕತ್ತಿ ಹಿರಿದ. ಸೋತು ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಮರಣದಂಡನೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷ ಸೆರೆ ಎಂದಾಯಿತು. ಸೆರೆಗೆ ಕರೆದೊಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಸತ್ತ. ಇಪ್ಪತ್ನಾಲ್ಕು ವರ್ಷವಷ್ಟೇ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಕೊಟ್ಟರು.

ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಅವನು ಸತ್ತ ಮೇಲೆ 1877ರಲ್ಲಿ ಅಚ್ಚಾಯಿತು. ಹುಡುಗನ ಮೇಲೆ ಅವನಿಗೆ ಪ್ರೀತಿ ಇತ್ತು, ಸಂಶಯವಿಲ್ಲ. ಆದರೆ ರಾಣಿಯ ಬಗ್ಗೆ ಒಳ್ಳೆಯ ಮಾತು ಕಡಿಮೆ. ಗಂಡ ಸತ್ತ ಹೆಂಗಸು, ಮಗನನ್ನೂ ರಾಜ್ಯವನ್ನೂ ಪರದೇಶದವನೊಬ್ಬ ಕೈಗೆ ತೆಗೆದುಕೊಳ್ಳುವಾಗ ಸುಮ್ಮನೆ ಕೂಡಬೇಕಿತ್ತೇ? ಅವಳ ಮಾತನ್ನು ಅವಳ ಬಾಯಿಂದ ಕೇಳಿ ಬರೆದಿಟ್ಟವರು ಯಾರೂ ಇಲ್ಲವಲ್ಲ ಎಂದು ಆ ಬಂಗಲೆಯ ಮುಂದೆ ನಿಂತು ನನಗೆ ಬೇಸರವಾಯಿತು. ಕೆಳಗೆ ಊರು, ಅದರಾಚೆ ಗುಡ್ಡದ ಹಿಂದೆ ಗುಡ್ಡ. ಗಾಳಿ ಚೆನ್ನಾಗಿ ಬೀಸುತ್ತದೆ. ಊರಿನಲ್ಲಿ ವೇಣುಗೋಪಾಲಸ್ವಾಮಿಯ ಗುಡಿ ಇದೆ. ಗೋಕುಲಾಷ್ಟಮಿಯ ಹೊತ್ತಿಗೆ ಹೋದರೆ ಹಾಲೋಕುಳಿ, ಎತ್ತರದ ಕಂಬ ಏರುವ ಆಟ ನೋಡಬಹುದಂತೆ. ಸುರಪುರದ ಹಳೆಯ ಚಿತ್ರಕಲೆಗೂ ಹೆಸರಿದೆ.

ಹುಣಸಗಿಯ ದಾರಿ ಹಿಡಿದ ಮೇಲೆ ಅತ್ತೆಯವರು ಮಾತು ಕಡಿಮೆ ಮಾಡಿದರು. ಕಿಟಕಿಗೆ ಮುಖ ಹಚ್ಚಿ ಕುಳಿತು ಸ್ವಲ್ಪ ಹೊತ್ತಿಗೆ, "ತಪ್ಪು ದಾರಿಗೆ ಬಂದೀವೇನೋ, ನಮ್ಮ ಕಡೆ ಇಷ್ಟು ಹಸರು ಇಲ್ಲ," ಅಂದರು.

ದಾರಿ ತಪ್ಪಿರಲಿಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಈ ಸೀಮೆಯ ಮುಖವೇ ಬದಲಾಗಿದೆ. ಜೋಳ, ಸಜ್ಜೆ, ಶೇಂಗಾ ಇದ್ದ ಕಡೆ ಈಗ ಭತ್ತ. ನಾವು ಹೋದಾಗ ಕೊಯ್ಲಿಗೆ ಬಂದು ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿದವರ ಕ್ಯಾಂಪುಗಳು ದಾರಿಯುದ್ದಕ್ಕೂ ಸಿಗುತ್ತವೆ. ಗದ್ದೆಯ ಆಚೆ ಮಾತ್ರ ಅದೇ ಬೋಳು ಗುಡ್ಡ, ಅದೇ ಕಲ್ಲು. ಹಸಿರಿನ ಅಂಚಿಗೆ ಕಲ್ಲಿನ ಸೆರಗು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಗ ಅತ್ತೆಯವರಿಗೆ ಏಳು ವರ್ಷ. ನೀರು ಬರುವಷ್ಟರಲ್ಲಿ ಮದುವೆಯಾಗಿ, ಮೂರು ಮಕ್ಕಳಾಗಿ, ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಹುಣಸಗಿಯ ಹತ್ತಿರ ಇಸಾಂಪುರ ಎಂಬ ಊರಿದೆ. ಬಸ್ಸಿನಲ್ಲಿ ಹೋದರೆ ಕಣ್ಣಿಗೆ ಬೀಳುವಂಥದೇನೂ ಇಲ್ಲ. ಆದರೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಇಲ್ಲಿ ಅಗೆದಾಗ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಸುಣ್ಣಕಲ್ಲಿನ ಹಾಸುಗಳನ್ನು ಕಿತ್ತು, ಇನ್ನೊಂದು ಕಲ್ಲಿನಿಂದ ಬಡಿದು ಕೈಗೊಡಲಿ ಮಾಡುತ್ತಿದ್ದರು. ಚೆಕ್ಕೆಗಳು ಬಿದ್ದಲ್ಲೇ ಬಿದ್ದಿದ್ದವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿ ಸುಮಾರು ಹನ್ನೆರಡು ಲಕ್ಷ ವರ್ಷ ಹಿಂದಿನದೆಂದು ಲೆಕ್ಕ ಹಾಕಿದ್ದಾರೆ. ಹನ್ನೆರಡು ಸಾವಿರವಲ್ಲ, ಲಕ್ಷ! ನಮ್ಮ ಅಡುಗೆಮನೆಯ ನೆಲಕ್ಕೆ, ಕಟ್ಟೆಗೆ ಹಾಕುವ ಶಹಾಬಾದ ಕಲ್ಲು ಇದೆಯಲ್ಲ, ಅದೂ ಈ ಭೀಮಾ ಸೀಮೆಯ ಸುಣ್ಣಕಲ್ಲೇ. ಬೂದಿಹಾಳದಲ್ಲಿ ಇನ್ನೊಂದು ಸೋಜಿಗ, ಬೂದಿ ದಿಬ್ಬ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಕಟ್ಟಿದವರು ಸಗಣಿ ಒಟ್ಟಿ ಒಟ್ಟಿ ಸುಟ್ಟ ಬೂದಿ. ಇಂದಿಗೂ ಕುಳ್ಳು ತಟ್ಟುವ ನಮಗೆ ಇದು ತೀರ ಹೊಸದಲ್ಲ ಬಿಡಿ. ರಾಜನಕೋಳೂರಿನ ಕಲ್ಲುಮನೆಗಳಿಗೂ ಹೋಗಬೇಕೆಂದಿದ್ದೆ, ಹೊತ್ತು ಸಾಲಲಿಲ್ಲ.

ಹಳ್ಳಿ ಮುಟ್ಟಿದಾಗ ಹನ್ನೊಂದು ಗಂಟೆ. ಅಗಸಿ ಇದ್ದ ಜಾಗದಲ್ಲಿ ಸಿಮೆಂಟ್ ಕಮಾನು. ಅತ್ತೆಯವರಿಗೆ ಏನೂ ಗುರುತು ಹತ್ತಲಿಲ್ಲ. ಅವರ ಅಣ್ಣನ ಮಗ ಎದುರಿಗೆ ಬಂದು ಕಾಲು ಮುಟ್ಟಿದರು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕಿ ಮಾತ್ರ ಕೋಲೂರಿ ಎದ್ದು ಬಂದು ಅತ್ತೆಯವರ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು.

"ನೀ ನಡುವಿನಾಕಿ ಅಲ್ಲನು? ಭಾವ್ಯಾಗ ಕೊಡ ಬಿಟ್ಟು ಬಂದಾಕಿ?"

ಅತ್ತೆಯವರ ನಗೆ ನಾನು ಹಾಗೆ ಎಂದೂ ಕೇಳಿರಲಿಲ್ಲ. ಹತ್ತು ವರ್ಷದ ಹುಡುಗಿ ತಾಮ್ರದ ಕೊಡವನ್ನು ಬಾವಿಗೆ ಬೀಳಿಸಿ ಬಡಿಸಿಕೊಂಡ ಕಥೆ, ಅಂದಿನ ತಳವಿಲ್ಲದ ಆಳದ ಬಾವಿ, ಕೊಡಕ್ಕೆ ಅರ್ಧ ತಾಸು ಕಾಯುವುದು... ಇಬ್ಬರೂ ಕೈ ಕೈ ಹಿಡಿದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾವು ಯಾರೂ ಬೇಕಿರಲಿಲ್ಲ.

ಊಟಕ್ಕೆ ಅವರ ಸೊಸೆ ಅನ್ನ, ಸಾರು ಮಾಡಿದ್ದರು. "ಈಗ ನಮ್ಮ ಕಡೆ ಅನ್ನಾನ ಜಾಸ್ತಿರೀ ಅಕ್ಕಾರ. ಜ್ವಾಳ ಕೊಂಡು ತರಬೇಕಾಗ್ತದ," ಎಂದು ಸಂಕೋಚಪಟ್ಟರು. ಜೋಳದ ಸೀಮೆಯಲ್ಲಿ ಜೋಳ ಕೊಳ್ಳುವುದು! ಆದರೂ ಅತ್ತೆಯವರಿಗೆಂದು ನಾಲ್ಕು ರೊಟ್ಟಿ ತಟ್ಟಿ ಪುಂಡಿ ಪಲ್ಯ ಮಾಡಿದ್ದರು. ಮಾಡುವ ರೀತಿ ಕೇಳಿಕೊಂಡು ಬಂದಿದ್ದೇನೆ. ಪುಂಡಿ ಸೊಪ್ಪು ಬಿಡಿಸಿ ಒಮ್ಮೆ ಕುದಿಸಿ ನೀರು ಬಸಿಯಬೇಕು, ಇಲ್ಲವಾದರೆ ಹುಳಿ ಹೆಚ್ಚು. ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು ಬೇರೆಯಾಗಿ ಮೆತ್ತಗೆ ಬೇಯಿಸಿ ಸೊಪ್ಪಿಗೆ ಸೇರಿಸಿ, ಜಜ್ಜಿದ ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕಡೆಗೋಲಿನಿಂದ ಚೆನ್ನಾಗಿ ಮಸೆಯಬೇಕು. ಮೇಲೆ ಎಣ್ಣೆ ಧಾರಾಳ, ಬೆಳ್ಳುಳ್ಳಿ ಕೆಂಪಾಗುವಂತೆ ಒಗ್ಗರಣೆ. ನಾನು ನೀರು ಬಸಿಯದೆ ಮಾಡುತ್ತಿದ್ದೆ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಅತ್ತೆಯವರು ಅದನ್ನು ಒಂದು ಮಾತೂ ಆಡದೆ ತಿಂದಿದ್ದಾರೆಂದು ಅವತ್ತು ಗೊತ್ತಾಯಿತು!

ಹಿತ್ತಲಿನಲ್ಲಿ ಹಳೆಯ ಬೀಸುವ ಕಲ್ಲು ಮಗುಚಿ ಬಿದ್ದಿತ್ತು. ಅತ್ತೆಯವರ ತಾಯಿಯದು. ಕೈ ಹಿಡಿದು ಕರೆದುಕೊಂಡು ಹೋದೆ. ಬಗ್ಗಿ ಕುಳಿತು ಕಲ್ಲಿನ ಮೇಲೆ ಅಂಗೈ ಆಡಿಸಿದರು, ಕಣ್ಣು ಬೇಕಾಗಲಿಲ್ಲ. ಅಂಚಿನ ಒಂದು ಚಕ್ಕೆ ಎದ್ದ ಕಡೆ ಬೆರಳು ನಿಂತಿತು. "ಇದು ನನ್ನ ಕೈಲೆ ಆಗಿದ್ದು," ಅಂದರು. ಅವರ ಅಳಿಯ ಕಲ್ಲನ್ನೇ ಗಾಡಿಗೆ ಹಾಕುತ್ತೇನೆಂದು ಎದ್ದರು. ಅತ್ತೆಯವರು ಬೇಡವೆಂದರು. ಕಲ್ಲಿಗೆ ಸಿಕ್ಕಿಸಿದ್ದ ಕಟ್ಟಿಗೆಯ ಗೂಟವನ್ನು ಅಲುಗಾಡಿಸಿ, ಕಿತ್ತು, ಧೂಳು ಒರೆಸಿ ಸೆರಗಿನಲ್ಲಿ ಕಟ್ಟಿಕೊಂಡರು. ಕೈ ಹಿಡಿದು ಹಿಡಿದು ನಡು ಸವೆದ ಗೂಟ.

ನಮ್ಮವರು ಅಲ್ಲೇ ನಿಂತಿದ್ದರು. "ಅವ್ವಾ, ಅವತ್ತು ನಾ ಇರದಿದ್ದರ ನೀ ಬರತಿದ್ದೆಲ್ಲ," ಎಂದರು. ಇಷ್ಟು ವರ್ಷ ಅವರ ಮನಸ್ಸಿನಲ್ಲಿ ಇದಿತ್ತೆಂದು ನನಗೂ ಗೊತ್ತಿರಲಿಲ್ಲ.

"ನೀ ಏನು ಮಾಡಿದ್ಯೋ ತಮ್ಮಾ. ಹನ್ನೊಂದು ದಿನದಾಂವ. ನಿಮ್ಮಜ್ಜಿ ಬಾಣಂತಿ ಬ್ಯಾಡಂದಳು. ನಾನೂ ಗಟ್ಟಿಯಾಗಿ ಕೇಳಲಿಲ್ಲ," ಅಂದರು ಅತ್ತೆಯವರು. "ಕೇಳಬೇಕಾಗಿತ್ತು."

ಅಲ್ಲಿಂದ ನಾರಾಯಣಪುರ. ಹತ್ತು ಕಿಲೋಮೀಟರಿಗೂ ಉದ್ದದ ಅಣೆಕಟ್ಟು, ಮೂವತ್ತು ಬಾಗಿಲು. ಹತ್ತಿರವೇ ನದಿಯ ಬಂಡೆಗಳ ನಡುವೆ ಛಾಯಾ ಭಗವತಿಯ ಗುಡಿ. ಸೂರ್ಯನ ಹೆಂಡತಿ ಛಾಯಾದೇವಿ ಇಲ್ಲಿ ನೆಲೆಸಿದಳೆಂದು ನಂಬಿಕೆ. ಮೆಟ್ಟಿಲಿಳಿದು ಹೋಗಬೇಕು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಗುಡಿ ಮುಳುಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ವಿಚಾರಿಸಿಕೊಂಡೇ ಹೋಗಿ. ವಯಸ್ಸಾದವರಿಗೆ ಊರುಗೋಲು ಇರಲಿ, ಮೆಟ್ಟಿಲು ಅಲ್ಲಲ್ಲಿ ಜಾರುತ್ತದೆ. ಹೆಂಗಸರಿಗೆ ಶೌಚದ ಅನುಕೂಲ ಹುಣಸಗಿಯಲ್ಲೇ ಮುಗಿಸಿಕೊಂಡು ಬರುವುದು ಕ್ಷೇಮ.

ನಾವು ಮುಟ್ಟಿದಾಗ ಬಿಸಿಲು ಬಂಡೆಗಳ ಮೇಲೆ ಹಳದಿಯಾಗಿ ಬಿದ್ದಿತ್ತು. ಎರಡೂ ಕಡೆ ಕಲ್ಲು, ನಡುವೆ ನೀರಿನ ಸಪ್ಪಳ. ಆರು ಗಂಟೆಯ ಹನಿ ಹಾಕುವ ಹೊತ್ತು. ಅತ್ತೆಯವರು ಮೆಟ್ಟಿಲ ಮೇಲೆ ಕುಳಿತು ತಲೆ ಎತ್ತಿದರು. ನಾನು ಕೆಳರೆಪ್ಪೆ ಎಳೆದು ಎರಡೂ ಕಣ್ಣಿಗೆ ಒಂದೊಂದು ಹನಿ ಹಾಕಿದೆ. ಹಾಕಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಕೂಡಬೇಕು. ನಮ್ಮವರು ಗಡಿಯಾರ ನೋಡಿ, ಗದಗು ಮುಟ್ಟುವುದು ನಡುರಾತ್ರಿಯಾಗುತ್ತದೆ, ಗಾಡಿಯಲ್ಲೇ ಕಣ್ಣು ಮುಚ್ಚಿಕೊಂಡು ಕೂತರಾಯಿತು ಎಂದರು.

"ತಡಿಯೋ," ಅಂದರು ಅತ್ತೆಯವರು, ಕಣ್ಣು ಮುಚ್ಚಿಕೊಂಡೇ, ಮಡಿಲಲ್ಲಿ ಆ ಗೂಟ ಹಿಡಿದುಕೊಂಡು. "ಕಣ್ಣು ತೆರೆದ ಮ್ಯಾಲೆ ಇನ್ನೊಮ್ಮೆ ನೋಡೂದದ."

ನಾವಿಬ್ಬರೂ ಅವರ ಅಕ್ಕಪಕ್ಕ ಮೆಟ್ಟಿಲ ಮೇಲೆ ಕುಳಿತೆವು.